ತಿಪ್ಪೆಗೊಂದು ಪರ್ಮಿಟ್ಟು

ನನ್ನ ಅತ್ತೆ ಪೇಟೆಯನ್ನು ಬೈಯಲು ಶುರು ಮಾಡುತ್ತಿದ್ದುದೇ ಕಸದಿಂದ. ಮುಳಬಾಗಿಲಿನಲ್ಲಿ ನಾವು ಬಾಡಿಗೆಗಿದ್ದ ಬೀದಿಯ ತುದಿಯಲ್ಲಿ ಪುರಸಭೆಯವರ ಸಿಮೆಂಟು ತೊಟ್ಟಿಯೊಂದಿತ್ತು. ಮನೆ ಗುಡಿಸಿದ ಕಸ, ಒಲೆಯ ಬೂದಿ, ತರಕಾರಿ ಸಿಪ್ಪೆ, ಎಲ್ಲವನ್ನೂ ಅದಕ್ಕೆ ಸುರಿದು ಬರಬೇಕು. ಅತ್ತೆ ಮೊದಲ ದಿನ ಮೊರ ಹಿಡಿದು ಹೋದವರು ಹಾಗೇ ವಾಪಸು ಬಂದರು. "ಮಣ್ಣಿಗಾಕೋದನ್ನ ತಗೊಂಡೋಗಿ ಸಿಮೆಂಟಿಗಾಕ್ತೀರಲ್ಲೇ, ನಿಮ್ಮ ಬುದ್ಧಿಗಿಷ್ಟು ಬೆಂಕಿ ಬೀಳ!" ಎಂದು ಮೊರದಲ್ಲಿದ್ದುದನ್ನು ಹಿತ್ತಲಿನ ಹಳೇ ಮಂಕರಿಗೆ ಸುರಿದರು. ಅದು ತುಂಬಿದ ಮೇಲೆ ಇನ್ನೊಂದು ಮಂಕರಿ. ಆಮೇಲೆ ನೀರು ಕಾಯಿಸುವ ತೂತು ಹಂಡೆ. ಕೊನೆಗೆ ನನ್ನ ಗಂಡನ ಹಳೇ ಟ್ರಂಕಿನ ಮೇಲೂ ಕಣ್ಣು ಬಿತ್ತು.

"ಅಮ್ಮ, ಇದು ನಮ್ಮೂರಲ್ಲ. ಇಲ್ಲಿ ತಿಪ್ಪೆ ಗಿಪ್ಪೆ ಇಲ್ಲ," ಎಂದರು ನನ್ನವರು, ಟ್ರಂಕನ್ನು ಒಳಗೆಳೆದುಕೊಳ್ಳುತ್ತ.

"ಅದೇ ನಾನೂ ಹೇಳ್ತಿರೋದು ಕಣ್ಲಾ. ತಿಪ್ಪೆ ಇಲ್ದಿದ್ರೆ ಅದೂ ಒಂದು ಮನೆಯಾ? ನಾಳೆ ಬಸ್ಸಿಗೆ ನಾನು ಹೋಗ್ತೀನಿ."

ಈ ಕೊನೆಯ ಮಾತು ಕೇಳಿದಾಗಲೆಲ್ಲ ನನಗೆ ಎದೆ ಧಸಕ್ಕೆನ್ನುತ್ತಿತ್ತು. ಯಾಕೆ ಅಂತ ಹೇಳಿಬಿಡುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ. ನನ್ನ ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮಾಲೂರು, ಶ್ರೀನಿವಾಸಪುರ ಎಲ್ಲ ಸುತ್ತಿ ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ವರ್ಗವಾಗಿ ಮುಳಬಾಗಿಲಿಗೆ ಬಂದಿದ್ದರು. ಬಂದ ವರ್ಷವೇ ನನಗೆ ಅಲ್ಲಿನ ಪ್ರೈಮರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅರ್ಜಿ ಹಾಕಿ ಹಾಕಿ ಬೇಸತ್ತು ಬಿಟ್ಟೇಬಿಟ್ಟಿದ್ದಾಗ ಸಿಕ್ಕಿದ ಕೆಲಸ ಅದು. ಆದರೆ ಮನೆಯಲ್ಲಿ ಇನ್ನೂ ತೆವಳುತ್ತಿದ್ದ ಮಗಳಿದ್ದಳು. ನನ್ನ ತಾಯಿ ತೀರಿಕೊಂಡಿದ್ದರು. ಮಗು ನೋಡಿಕೊಳ್ಳುವುದಕ್ಕೆ ಅಂತ ಆವನಿಯಾಚೆಯ ಹಳ್ಳಿಯಿಂದ ಅತ್ತೆಯನ್ನು ಕರೆತಂದಿದ್ದೆವು. ಅವರು ಹೋದರೆ ನಾನು ಕೆಲಸ ಬಿಡಬೇಕು, ಬೇರೆ ದಾರಿಯೇ ಇಲ್ಲ. ರಾಗಿ ಒಕ್ಕಣೆ ಮುಗಿದ ಮೇಲೆ ಹಿರಿಯ ಮಗ, ಅಂದರೆ ನನ್ನ ಭಾವ, ಬಂದು ಕರೆದುಕೊಂಡು ಹೋಗುವುದು ಅಂತ ಮೊದಲೇ ಮಾತಾಗಿತ್ತು. ನಾನು ಮಾತ್ರ ಆ ಒಕ್ಕಣೆ ಮುಗಿಯದೇ ಇರಲಿ ಅಂತ ಹರಕೆ ಹೊರುತ್ತಿದ್ದೆ. ರಾಗಿ ತಿನ್ನುವ ಮನೆಯ ಸೊಸೆ ಹೊರಬಾರದ ಹರಕೆ ಅದು.

ಅತ್ತೆಗೆ ಮೊಮ್ಮಗಳೆಂದರೆ ಪ್ರಾಣ. ಆದರೆ ಹೊಲ, ಎಮ್ಮೆ, ರೇಷ್ಮೆ ಹುಳು ಅಂತ ಬೆಳಗಿನಿಂದ ಬೈಗಿನ ತನಕ ತಿರುಗುತ್ತಿದ್ದ ಹೆಂಗಸಿಗೆ ಎರಡು ಕೋಣೆಯ ಮನೆಯಲ್ಲಿ ಕೂತು ಕೂತು ಕೈಕಾಲು ಹಿಡಿದುಕೊಂಡ ಹಾಗಾಗಿತ್ತು. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದರು. ಒಗೆದ ಬಟ್ಟೆಯನ್ನು ಮತ್ತೆ ನೆನೆಸುತ್ತಿದ್ದರು. ನನ್ನ ಅಡುಗೆಗೆ ಹೆಸರಿಡುವುದಂತೂ ಮೂರು ಹೊತ್ತೂ ತಪ್ಪುತ್ತಿರಲಿಲ್ಲ.

ನಮ್ಮ ಸಾಲುಮನೆಗಳ ಹಿಂದೆ ಪುರಸಭೆಗೆ ಸೇರಿದ ಖಾಲಿ ಜಾಗವಿತ್ತು. ಲಂಟಾನ ಬೆಳೆದುಕೊಂಡು ಹಂದಿಗಳ ಸಾಮ್ರಾಜ್ಯವಾಗಿತ್ತು. ಒಂದು ದಿನ ನಾನು ಶಾಲೆಯಿಂದ ಬರುವ ಹೊತ್ತಿಗೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಚ್ಚು ಹಿಡಿದು ಆ ಲಂಟಾನ ಕಡಿಯುತ್ತಿದ್ದರು. ಪಕ್ಕದ ಮನೆಯಾಕೆ, ತೆಲುಗು ಮಾತಿನವಳು, ನನ್ನ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. "ಟೀಚರಮ್ಮಾ, ನಿಮ್ಮತ್ತೆ ಅಡವಿ ಕಡೀತವ್ರೆ ನೋಡು," ಎಂದು ನಕ್ಕಳು. ಮಾರನೆಯ ದಿನ ಅವಳೂ ಗುದ್ದಲಿ ಹಿಡಿದಳು. ಆಮೇಲೆ ಬೀದಿಯ ಇನ್ನೂ ಕೆಲವರು ಸೇರಿದರು. ನಾವೆಲ್ಲ ಒಟ್ಟಾಗಿ ಪುರಸಭೆಯ ಅಧ್ಯಕ್ಷರ ಮನೆಗೇ ಹೋಗಿ, ಖಾಲಿ ಬಿದ್ದಿರೋ ಜಾಗ, ಸೊಪ್ಪು ಸದೆ ಬೆಳೆದುಕೊಳ್ತೀವಿ, ಹಂದಿ ಕಾಟವೂ ತಪ್ಪುತ್ತೆ ಎಂದೆವು. "ಬೆಳ್ಕೊಳ್ರಮ್ಮ, ನಂಗೂ ಒಂದ್ ಕಟ್ಟು ಕಳಿಸಿ," ಎಂದು ಒಪ್ಪಿಕೊಂಡರು.

ಅತ್ತೆಗೆ ಸೊಪ್ಪಿಗಿಂತ ಮುಖ್ಯ ತಿಪ್ಪೆ. ಮೊದಲು ಪಾತಿ ಮಾಡಲಿಲ್ಲ, ಮೊದಲು ಗುಂಡಿ ತೋಡಿಸಿದರು. ಹಿತ್ತಲಲ್ಲಿದ್ದ ಮಂಕರಿ, ತೂತು ಹಂಡೆ ಎಲ್ಲ ಮೆರವಣಿಗೆಯಲ್ಲಿ ಹೋಗಿ ಅದರೊಳಗೆ ಖಾಲಿಯಾದವು. ಬೀದಿಯ ಮನೆಗಳಿಂದ ಬೂದಿ, ಸಿಪ್ಪೆ, ಹಸು ಕಟ್ಟಿದವರ ಮನೆಯಿಂದ ಸಗಣಿ ಗಂಜಲ, ಬೀದಿಯ ಹೊಂಗೆ ಮರದ ತರಗು, ಒಂದೂ ತೊಟ್ಟಿಗೆ ಹೋಗದ ಹಾಗೆ ಕಾವಲು ನಿಂತರು. ಯಾರಾದರೂ ಮೊರ ಹಿಡಿದು ತೊಟ್ಟಿಯ ಕಡೆ ತಿರುಗಿದರೆ ಸಾಕು, "ಏನೇ, ಅನ್ನ ಚೆಲ್ಲೋಕೆ ಹೊಂಟ್ಯಾ?" ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದರು. ಮೊರ ಹಿಡಿದವಳು ನಾಚಿಕೊಂಡು ವಾಪಸು ಬರುತ್ತಿದ್ದಳು.

ಮಗಳನ್ನು ಗೋಣಿತಾಟಿನ ಮೇಲೆ ಕೂರಿಸಿ, ಮಣ್ಣು ತಿನ್ನದ ಹಾಗೆ ಒಂದು ಕಣ್ಣಿಟ್ಟು, ಅತ್ತೆ ದಿನವಿಡೀ ಅಲ್ಲೇ ಇರುತ್ತಿದ್ದರು. ದಂಟು ಬಂತು, ಮೆಂತ್ಯ ಬಂತು, ಬೇಲಿಯ ಮೇಲೆ ಹೀರೆ ಹಬ್ಬಿತು. 'ನಾಳೆ ಬಸ್ಸಿಗೆ ಹೋಗ್ತೀನಿ' ಎನ್ನುವ ಮಾತು ನಿಂತೇಹೋಯಿತು. ನಾನು ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತ ಒಳಗೊಳಗೇ ಕುಣಿಯುತ್ತಿದ್ದೆ.

ಆಗ ಬಂದರು ನೋಡಿ, ಹೆಲ್ತ್ ಇನ್‌ಸ್ಪೆಕ್ಟರು. ಸಣ್ಣ ವಯಸ್ಸು, ಇಸ್ತ್ರಿ ಮಾಡಿದ ಷರಟು, ಸೈಕಲ್ಲು. ಯಾರೋ ವಾಸನೆ ಬರುತ್ತೆ ಅಂತ ದೂರು ಕೊಟ್ಟಿದ್ದರಂತೆ. ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗಿದ್ದರೆ ನಾನು ಬಿಡುತ್ತಿರಲಿಲ್ಲ.

"ಯಾರ್ರೀ ಈ ಗುಂಡಿ ತೋಡಿದ್ದು?"

"ನಾವೇ. ಅಧ್ಯಕ್ಷರು ಒಪ್ಪಿದ್ದಾರೆ," ಎಂದೆ ನಾನು.

"ಸೊಪ್ಪು ಬೆಳೆಯೋಕೆ ಒಪ್ಪಿರಬಹುದು ಮೇಡಂ. ಗೊಬ್ಬರದ ಗುಂಡಿಗೆ ಬೇರೆ ಪರ್ಮಿಟ್ಟು ಬೇಕು."

"ಅಲ್ಲ ಸಾರ್, ಸೊಪ್ಪು ಬೆಳೀಬಹುದು, ಗೊಬ್ಬರ ಮಾಡಬಾರದು ಅಂದ್ರೆ? ಸೊಪ್ಪು ಏನು ಗಾಳಿ ಕುಡಿದು ಬದುಕುತ್ತಾ?"

"ರೂಲ್ಸ್ ನಾನು ಮಾಡಿದ್ದಲ್ಲ." ಅವರು ಸೈಕಲ್ಲಿಗೆ ಒರಗಿಕೊಂಡು ನಿಯಮಗಳನ್ನು ಒಂದೊಂದಾಗಿ ಒಪ್ಪಿಸಿದರು. ಗುಂಡಿ ಬಾವಿಯಿಂದ ದೂರ ಇರಬೇಕು. ಕಸ ಹಾಕಿದ ಮೇಲೆ ದಿನವೂ ಮಣ್ಣು ಮುಚ್ಚಬೇಕು. ನೊಣ, ವಾಸನೆ ಇರಕೂಡದು. ಸತ್ತ ಕೋಳಿ ಗೀಳಿ ಹಾಕಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಬೀದಿಯಲ್ಲೇ ಇದ್ದು ದಿನವೂ ನೋಡಿಕೊಳ್ಳುವ ಒಬ್ಬರ ಹೆಸರಿನಲ್ಲಿ ಪರ್ಮಿಟ್ಟು ಆಗಬೇಕು. ಮುಂದಿನ ಶುಕ್ರವಾರ ಬಂದು ನೋಡುತ್ತೇನೆ, ಸರಿ ಇದ್ದರೆ ಸಹಿ, ಇಲ್ಲದಿದ್ದರೆ ಅವತ್ತೇ ಆಳು ಕಳಿಸಿ ಗುಂಡಿ ಮುಚ್ಚಿಸುತ್ತೇನೆ ಎಂದು ಹೇಳಿ ಸೈಕಲ್ಲು ಹತ್ತಿದರು.

ಸಂಜೆ ನೋಡುತ್ತೇನೆ, ಅತ್ತೆ ಗೂಟದಲ್ಲಿ ನೇತು ಹಾಕಿದ್ದ ಸೀರೆಗಳನ್ನೆಲ್ಲ ಮಡಚಿ ಚೀಲಕ್ಕೆ ತುಂಬುತ್ತಿದ್ದಾರೆ.

"ಇದೇನತ್ತೆ?"

"ಭಾನುವಾರ ದೊಡ್ಡೋನು ಬತ್ತಾನಂತೆ, ಒಕ್ಕಣೆ ಮುಗೀತಂತೆ. ಬಸ್ಸಿನೋನ ಕೈಲಿ ಹೇಳಿ ಕಳಿಸವ್ನೆ."

"ಅದಕ್ಕೆ ಈಗಲೇ ಗಂಟು ಕಟ್ಟಬೇಕಾ?"

"ಗುಂಡಿ ಮುಚ್ಚಿಸ್ತಾರಂತಲ್ಲೇ. ಅದನ್ನ ನೋಡ್ಕಂಡು ಕೂತಿರೋಕೆ ನನ್ನ ಕೈಲಾಗಲ್ಲ."

ನನಗೆ ಅಳು ಉಕ್ಕಿ ಬಂತು. ಅಳುವುದಕ್ಕೆ ಹೊತ್ತಿರಲಿಲ್ಲ, ಅದಕ್ಕೇ ಸಿಟ್ಟು ಮಾಡಿಕೊಂಡೆ. ಮಾರನೆಯ ದಿನ ಶಾಲೆ ಬಿಟ್ಟ ಕೂಡಲೇ ಪುರಸಭೆಗೆ ಹೋಗಿ ಅರ್ಜಿ ಬರೆದುಕೊಟ್ಟೆ. ನೋಡಿಕೊಳ್ಳುವವರ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ನಾನು ಹಗಲೆಲ್ಲ ಶಾಲೆಯಲ್ಲಿರುವವಳು. ಪಕ್ಕದ ಮನೆಯಾಕೆ ಗಂಡನನ್ನು ಕೇಳಬೇಕು ಎಂದಳು, ಗಂಡ ಸರ್ಕಾರಿ ಕಾಗದ ಎಂದರೆ ಹೆದರುವವನು. ನನ್ನ ಯಜಮಾನರು, "ನಾನು ಸರ್ಕಾರಿ ನೌಕರ, ತಿಪ್ಪೆಗೆ ಜವಾಬ್ದಾರಿ ಅಂತ ಸಹಿ ಹಾಕಿದ್ರೆ ಆಫೀಸಲ್ಲಿ ಜನ ಏನಂತಾರೆ?" ಎಂದರು. "ನಿಮ್ಮ ಆಫೀಸಿನ ಮೂಲೆಗಳಿಗಿಂತ ನಮ್ಮ ತಿಪ್ಪೆ ಚೊಕ್ಕಟವಾಗಿದೆ," ಎಂದು ಹೇಳಿ ಆ ರಾತ್ರಿ ಅವರಿಗೆ ತಣ್ಣನೆಯ ಮುದ್ದೆ ಬಡಿಸಿದೆ. ಹಗಲೆಲ್ಲ ಅಲ್ಲಿರುವವರು ಅತ್ತೆ ಒಬ್ಬರೇ. ಗಂಟು ಕಟ್ಟಿ ಕೂತವರನ್ನು ಯಾವ ಬಾಯಲ್ಲಿ ಕೇಳಲಿ? ಹೆಸರಿನ ಜಾಗ ಖಾಲಿ ಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಹೆಡ್‌ಮೇಷ್ಟರನ್ನು ಕೇಳಿಕೊಂಡು ನಡುವೆ ಒಂದು ಪಿರಿಯಡ್ಡಿಗೆ ಬಿಡುವು ಮಾಡಿಕೊಂಡು ಬಂದೆ. ತೋಟದ ಹತ್ತಿರ ಬಂದವಳು ಹಾಗೇ ನಿಂತುಬಿಟ್ಟೆ. ಗುಂಡಿಯ ಸುತ್ತ ಸಗಣಿಯಿಂದ ಸಾರಿಸಿ ದೊಡ್ಡ ರಂಗೋಲಿ ಬಿಟ್ಟಿತ್ತು. ಗುಂಡಿಯ ತಲೆಗೆ ಒಂದು ಮಣೆ, ಮಣೆಯ ಮೇಲೆ ಸಗಣಿ ಉಂಡೆಗೆ ಗರಿಕೆ ಚುಚ್ಚಿ ಮಾಡಿದ ಬೆನಕ. ಅದಕ್ಕೆ ಅರಿಶಿನ, ಕುಂಕುಮ, ಚೆಂಡು ಹೂವು, ಮುಂದೆ ಎಣ್ಣೆ ದೀಪ. ಊದುಬತ್ತಿ ಬೇರೆ ಹೊಗೆಯಾಡುತ್ತಿತ್ತು. ಅತ್ತೆ ತಲೆಗೆ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಮೊಮ್ಮಗಳ ಹಣೆಗೂ ಕುಂಕುಮ ಬಳಿದು ಕಾಯುತ್ತಿದ್ದರು.

"ಏನತ್ತೆ ಇದು!"

"ಏನೆಂದ್ರೆ? ಹೊಸ ತಿಪ್ಪೆ, ನೋಡೋಕೆ ಅಧಿಕಾರಿ ಬತ್ತಾವ್ರೆ. ಪೂಜೆ ಇಲ್ದೆ ಬೋಳಾಗಿ ತೋರಿಸ್ತಾರಾ ಯಾರಾದ್ರೂ?"

ಅವರ ಊರಿನಲ್ಲಿ ಹಾಗೆಯೇ. ದೀಪಾವಳಿಗೆ ತಿಪ್ಪೆಗೆ ದೀಪ ಇಡುತ್ತಾರೆ, ಹೊಲಕ್ಕೆ ಗೊಬ್ಬರ ಹೊಡೆಯುವ ಮೊದಲು ಬೆನಕನನ್ನಿಟ್ಟು ಕೈಮುಗಿಯುತ್ತಾರೆ. ಅಧಿಕಾರಿ ಬರುವುದೆಂದರೆ ಅತ್ತೆಯ ಲೆಕ್ಕದಲ್ಲಿ ಅದೂ ಒಂದು ಶುಭಕಾರ್ಯವೇ. ಅಷ್ಟರಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು.

ಇನ್‌ಸ್ಪೆಕ್ಟರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ದೀಪ ನೋಡಿದರು, ಕುಂಕುಮ ನೋಡಿದರು. ಚಪ್ಪಲಿ ಬಿಟ್ಟರು. ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿ ಕೆನ್ನೆ ಕೆನ್ನೆ ಬಡಿದುಕೊಂಡು, ಆಮೇಲೆ ಕಣ್ಣು ಬಿಟ್ಟು ನನ್ನನ್ನು ಕೇಳಿದರು, "ಎಲ್ಲಿ ಮೇಡಂ ಗುಂಡಿ?"

"ಇದೇ ಸಾಮಿ," ಎಂದರು ಅತ್ತೆ, ಹೆಮ್ಮೆಯಿಂದ.

ಅವರ ಮುಖ ಮೊದಲು ಬಿಳುಚಿಕೊಂಡಿತು, ಆಮೇಲೆ ಕೆಂಪಗಾಯಿತು. ಸಿಟ್ಟಿನಲ್ಲಿ ಚಪ್ಪಲಿ ಮೆಟ್ಟಲು ಹೋಗಿ, ದೀಪದ ಕಡೆ ನೋಡಿ, ಮೆಟ್ಟದೆ ಬರಿಗಾಲಲ್ಲೇ ನಿಂತು ಕೂಗಾಡಿದರು. "ತಲೆ ಇದೆಯೇನ್ರೀ ನಿಮಗೆ? ಇದು ಪುರಸಭೆ ಜಾಗ! ಇವತ್ತು ಕುಂಕುಮ, ನಾಳೆ ತಗಡಿನ ಸೂರು, ನಾಡಿದ್ದು ಹುಂಡಿ! ಆಮೇಲೆ ಯಾರಾದ್ರೂ ತೆಗೆಸೋಕಾಗುತ್ತಾ ಇದನ್ನ? ನನ್ನ ಕೆಲಸ ಹೋಗುತ್ತೆ! ಗೊಬ್ಬರದ ಗುಂಡಿಗೆ ಪರ್ಮಿಟ್ಟು ಕೇಳಿ ದೇವಸ್ಥಾನ ಕಟ್ತಿದ್ದೀರಾ?"

ಪಕ್ಕದ ಮನೆಯಾಕೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಎಂತ ಪನಿ ಚೇಸ್ತಿವಮ್ಮಾ!" ಎಂಥ ಕೆಲಸ ಮಾಡಿಬಿಟ್ಟೆಯಮ್ಮಾ ಎಂದು ತನ್ನ ತೆಲುಗಿನಲ್ಲೇ ಅತ್ತೆಯನ್ನು ನೋಡಿ ಗೋಳಾಡಿದಳು.

"ಈಗಲೇ ಇದನ್ನೆಲ್ಲ ತೆಗೀರಿ. ಇಲ್ಲ ಅಂದ್ರೆ ಸಹಿ ಇಲ್ಲ. ಮಧ್ಯಾಹ್ನಕ್ಕೆ ಆಳು ಬರ್ತಾರೆ, ಗುಂಡಿ ಮುಚ್ತಾರೆ," ಎಂದರು ಇನ್‌ಸ್ಪೆಕ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆ ಬೆಳಗಿನ ಜಾವ ಎದ್ದು ಮಾಡಿದ ಪೂಜೆ. ಶುಕ್ರವಾರ ಬೇರೆ. ದೀಪ ಉರಿಯುತ್ತಿರುವಾಗ ಯಾರೋ ತೆಗಿ ಅಂದರೆ ತೆಗೆಯುವ ಹೆಂಗಸಲ್ಲ ಅವರು. ತೆಗೆಯುವುದಕ್ಕಿಂತ ಆ ಮಧ್ಯಾಹ್ನದ ಬಸ್ಸಿಗೇ ಹೊರಟುಬಿಡುತ್ತಾರೆ, ಅದರ ಹಿಂದೆಯೇ ನನ್ನ ಕೆಲಸವೂ ಹೋಗುತ್ತದೆ. ನಾನು ಸೆರಗು ಬಿಗಿದುಕೊಂಡೆ. "ಏನ್ ಸಾರ್, ನೀವೇ ಕೈಮುಗಿದು ಈಗ ನೀವೇ..."

"ನೀನು ಸುಮ್ಕಿರೇ," ಎಂದರು ಅತ್ತೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟು ಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. "ತೆಗೆದ್ರೆ ಆಯ್ತಲ್ಲ ಸಾಮಿ? ಇಷ್ಟಕ್ಕೆ ಯಾಕೆ ಕಿರುಚ್ತೀರ? ಬೆನಪ್ಪನ್ನ ನಾವೇನು ಕಾಯಮ್ಮಾಗಿ ಕೂರಿಸ್ತೀವಾ?"

ಅಕ್ಷತೆ ಹಾಕಿದರು. ಬೆನಕನನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಡಗಣ ದಿಕ್ಕಿಗೆ ಕದಲಿಸಿದರು. ಹಾಗೆ ಕದಲಿಸಿದರೆ ಪೂಜೆ ಮುಗಿಯಿತು, ದೇವರು ಹೊರಟ ಎಂದು ಅರ್ಥ. "ಹೋಗ್ಬಾರಪ್ಪ," ಎಂದು ಎತ್ತಿ ಗುಂಡಿಯೊಳಗೆ, ಒಣ ತರಗಿನ ಮೇಲೆ ಇಟ್ಟರು. ಹೂವನ್ನೂ ಅದರ ಮೇಲೆ ಉದುರಿಸಿದರು. ಆಮೇಲೆ ಬೊಗಸೆಯಿಂದ ಮಣ್ಣು ಎಳೆದರು. "ಸಗಣಿಯಿಂದ ಬಂದೋನು ಕೊನೆಗೆ ಹೋಗೋದೂ ತಿಪ್ಪೇಗೇ ಅಲ್ವಾ ಸಾಮಿ? ನಮ್ಮೂರಾಗೂ ಹಿಂಗೇ. ನೋಡ್ಕಳಿ, ಮಣ್ಣೂ ಮುಚ್ಚಿದೀನಿ, ನಿಮ್ಮ ರೂಲ್ಸಿಗೆ ಸರಿಯಾಯ್ತಾ?"

ಇನ್‌ಸ್ಪೆಕ್ಟರು ಬೀದಿಯ ಬಾವಿಯ ತನಕ ಹೆಜ್ಜೆ ಹಾಕಿ ಅಳೆದು ಬಂದರು. ಕಡ್ಡಿಯಿಂದ ಕೆದಕಿ ನೋಡಿದರು. ಬಗ್ಗಿ ಮೂಸಿಯೂ ನೋಡಿದರು, ಊದುಬತ್ತಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಕೊನೆಗೆ ನನ್ನ ಅರ್ಜಿ ತೆಗೆದು, "ನೋಡಿಕೊಳ್ಳೋರ ಹೆಸರೇ ಬರೆದಿಲ್ಲವಲ್ಲ ಮೇಡಂ," ಎಂದರು.

ನಾನು ತಲೆ ತಗ್ಗಿಸಿದೆ. ಮಗಳು ನನ್ನ ತಾಳಿ ಹಿಡಿದು ಎಳೆಯುತ್ತಿದ್ದಳು.

"ನಂದು ಬರ್ಕಳಿ," ಎಂದರು ಅತ್ತೆ, ಕೈಯ ಮಣ್ಣು ಕೊಡವಿಕೊಳ್ಳುತ್ತ.

"ನೀವು ಇಲ್ಲೇ ಇರೋರಾ ಅಮ್ಮ? ನಾನು ಯಾವಾಗ ಬಂದ್ರೂ ಇರ್ಬೇಕು. ಇಲ್ಲದಿದ್ರೆ ಪರ್ಮಿಟ್ಟು ರದ್ದಾಗುತ್ತೆ."

ಅತ್ತೆ ಗುಂಡಿಯ ಕಡೆ ನೋಡಿದರು. ನನ್ನ ಕಡೆ ನೋಡಲಿಲ್ಲ. "ಎಷ್ಟು ದಿನಕ್ಕೆ ಕೊಡ್ತೀರ ಅದನ್ನ?" ಎಂದು ಕೇಳಿದರು.

"ಒಂದು ವರ್ಷಕ್ಕೆ."

"ಹೂಂ," ಎಂದು ಹೆಬ್ಬೆಟ್ಟು ಮುಂದೆ ಚಾಚಿದರು. ಇಂಕಿನ ಪ್ಯಾಡಿರಲಿಲ್ಲ, ಪೆನ್ನಿನ ಶಾಯಿ ಸವರಿಯೇ ಒತ್ತಿಸಿಕೊಂಡರು. ಆಮೇಲೆ ಅತ್ತೆ ಸೈಕಲ್ಲಿನ ತನಕ ಅವರ ಜೊತೆಯಲ್ಲೇ ಹೋಗಿ ಏನೋ ಕೇಳುತ್ತಿದ್ದರು, ಅವರೂ ನಿಂತು ಏನೋ ವಿವರಿಸುತ್ತಿದ್ದರು. ನನಗೆ ಕೇಳಿಸಲಿಲ್ಲ, ಪಿರಿಯಡ್ಡು ಮುಗಿದುಹೋಗಿತ್ತು. ಮಗಳನ್ನು ಪಕ್ಕದ ಮನೆಯಾಕೆಯ ಸೊಂಟಕ್ಕೆ ದಾಟಿಸಿ ಶಾಲೆಗೆ ಓಡಿದೆ.

ಖುಷಿಯಾಗಿತ್ತು, ಆದರೆ ನಂಬಿಕೆ ಬಂದಿರಲಿಲ್ಲ. ಹೆಬ್ಬೆಟ್ಟು ಒತ್ತಿದ್ದು ಒಂದು ಮಾತು, ಹೆತ್ತ ಮಗ ಬಂದು ಬಾರಮ್ಮ ಎನ್ನುವುದು ಇನ್ನೊಂದು ಮಾತು. ಸಂಜೆ ಬಂದು ಮೊದಲು ನೋಡಿದ್ದು ಆ ಚೀಲವನ್ನೇ. ಕಟ್ಟಿದ್ದು ಕಟ್ಟಿದ ಹಾಗೇ ಮೂಲೆಯಲ್ಲಿತ್ತು. ಶನಿವಾರವೂ ಅಲ್ಲೇ ಇತ್ತು. ಕೇಳೋಣವೆಂದು ಎಷ್ಟು ಸಲ ಬಾಯಿ ತೆರೆದೆನೋ, ಕೇಳಿ ಬೇಡದ ಉತ್ತರ ಬಂದರೆ ಎಂದು ಮುಚ್ಚಿಕೊಂಡೆ.

ಭಾನುವಾರ ಮೊದಲ ಬಸ್ಸಿಗೇ ಭಾವ ಬಂದಿಳಿದರು. ಹೆಗಲ ಮೇಲೆ ಹೊಸ ರಾಗಿಯ ಮೂಟೆ, ಕೈಯಲ್ಲಿ ಸೊಗಡು ಅವರೆಕಾಯಿ. ಒಳ್ಳೆಯ ಮನುಷ್ಯ, ತಾಯಿಯನ್ನು ಕಂಡರೆ ಜೀವ ಬಿಡುವವರು. ಅದೇ ನನಗೆ ಭಯ. ಊರಿನ ಸುದ್ದಿ ಎಲ್ಲ ಹೇಳಿದರು, ಎಮ್ಮೆ ಕರು ಹಾಕಿದ್ದು ಹೇಳಿದರು. ತಾಯಿ ಮಗ ಇಬ್ಬರೂ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯತೊಡಗಿದರು. ನಾನು ಒಳಗೆ ಮುದ್ದೆಗೆ ಎಸರಿಟ್ಟು, ಹೊರಗಿನ ಮಾತಿಗೇ ಕಿವಿಯಾಗಿದ್ದೆ.

"ಊಟ ಮಾಡ್ಕಂಡು ಎರಡು ಗಂಟೆ ಬಸ್ಸಿಗೆ ಹೊರಡಾನ ಅಮ್ಮ," ಎಂದರು ಭಾವ.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಊರಿಗೆ."

"ಅಯ್ಯೋ ಮಗಾ, ಏನಂತ ಹೇಳ್ಲಿ ನಿಂಗೆ," ಎಂದರು ಅತ್ತೆ. ದನಿಯಲ್ಲಿ ಅಷ್ಟೊಂದು ದುಃಖ ತುಂಬಿಕೊಂಡಿದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ. "ಸರ್ಕಾರದೋರು ನನ್ನ ಇಲ್ಲಿ ಕಟ್ಟಾಕ್ಬಿಟ್ಟವ್ರೆ ಕಣ್ಲಾ. ತಿಪ್ಪೆ ಪರ್ಮಿಟ್ಟು ನನ್ನ ಹೆಸರ್ಗೇ ಮಾಡವ್ರೆ, ಹೆಬ್ಬೆಟ್ಟು ಒತ್ತುಸ್ಕಂಡವ್ರೆ. ಇನ್‌ಸ್ಪೆಕ್ಟ್ರು ಯಾವಾಗ ಬಂದ್ರೂ ನಾನಿಲ್ಲಿ ಇರ್ಲೇಬೇಕಂತೆ. ನಾನು ಬಂದ್ಬಿಟ್ರೆ ಬೀದಿಯೋರಿಗೆಲ್ಲ ತೊಂದ್ರೆ. ಇರಾ ಬಟ್ಟೆ ಎಲ್ಲ ಗಂಟು ಕಟ್ಟಿಟ್ಟಿದ್ದೆ, ಬೇಕಾದ್ರೆ ಒಳಗೋಗಿ ನೋಡು."

ಭಾವ ಒಳಗೆ ಇಣುಕಿ ಚೀಲ ನೋಡಿ ನಿಟ್ಟುಸಿರುಬಿಟ್ಟರು. "ಇದೊಳ್ಳೆ ಕತೆ ಆಯ್ತಲ್ಲಮ್ಮ. ಎಷ್ಟು ದಿನ ಹಿಂಗೆ?"

"ಒಂದು ವರ್ಷ ಅಂತೆ."

"ಸರಿ ಹೋಗ್ಲಿ, ಒಂದು ವರ್ಷ ತಾನೇ. ಆಮೇಲಾದ್ರೂ ಬತ್ತೀಯಲ್ಲ?"

ಅವರೆಕಾಯಿ ಸುಲಿಯುವ ಸದ್ದು ನಿಂತಿತು. ನಾನು ಮುದ್ದೆ ಕೋಲು ಹಿಡಿದವಳು ಹಾಗೇ ನಿಂತೆ.

"ಅದನ್ನೂ ಕೇಳ್ದೆ ಕಣ್ ಮಗಾ ಅವರನ್ನ, ಸೈಕಲ್ಲಿನ ತನಕ ಹಿಂದೇನೇ ಹೋಗಿ," ಎಂದರು ಅತ್ತೆ. "ವರ್ಷ ವರ್ಷ ಹೊಸದು ಮಾಡಿಸ್ಬೇಕಂತೆ."